ಹಾರಲು ಇಳಿದವಳು

ನನ್ನ ಸೊಸೆ ಬೇಕರಿಯಲ್ಲಿ ಕೇಕಿನ ಮೇಲೆ ಹೂವು ಬಿಡಿಸುವವಳು. ತಿರುಗುವ ಮಣೆಯ ಮೇಲೆ ಕೇಕು ಇಟ್ಟು, ಕ್ರೀಮು ತುಂಬಿದ ಚೀಲದ ಕತ್ತು ಹಿಸುಕಿ, ಮಣಿಕಟ್ಟನ್ನು ಒಂದು ಸುತ್ತು ತಿರುಗಿಸಿದಳೆಂದರೆ ಗುಲಾಬಿ ಅರಳಿ ಕೂತಿರುತ್ತದೆ. ಇಪ್ಪತ್ತು ವರ್ಷದಿಂದ ಅದೇ ಕೆಲಸ. ಕ್ರೀಮು ಹದಕ್ಕೆ ಬಂದಿದೆಯೋ ಇಲ್ಲವೋ ಎಂದು ನೋಡುವುದಕ್ಕೆ ಅವಳಿಗೆ ಯಂತ್ರ ಬೇಡ, ಕಿರುಬೆರಳು ಸಾಕು. ಬೆರಳಿಗೆ ಬಂದದ್ದು ಸೀದಾ ನಾಲಿಗೆಗೆ ಹೋಗುತ್ತದೆ. ಇಪ್ಪತ್ತು ವರ್ಷ ಹಾಗೆ ಹೋದದ್ದೆಲ್ಲ ಎಲ್ಲಿ ಸೇರಿತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮದುವೆಯಾಗಿ ಬಂದಾಗ ಕಡ್ಡಿಯಂತಿದ್ದವಳು ಮೊದಲು ಮೈ ಕೈ ತುಂಬಿಕೊಂಡಳು, ಆಮೇಲೆ ಕುರ್ಚಿ ತುಂಬಿಕೊಂಡಳು, ಕೊನೆಗೆ ಅಡುಗೆಮನೆಯ ಬಾಗಿಲು ತುಂಬಿಕೊಂಡು ನಿಲ್ಲುವಂತಾದಳು. ನಾನು ದರ್ಜಿ. ಅವಳ ಅಳತೆ ಹಿಡಿದವಳು ನಾನೇ ಆದ್ದರಿಂದ ಈ ವಿಷಯದಲ್ಲಿ ನನ್ನ ಮಾತು ನಂಬಬಹುದು.

ಅತ್ತೆ ಸೊಸೆಯ ವಿಷಯಕ್ಕೆ ಬಾಯಿ ಹಾಕಿದಳೆಂದರೆ ಚಾಡಿಯೇ ಇರಬೇಕು ಎಂದುಕೊಳ್ಳುವವರು ಈಗಲೇ ಎದ್ದು ಹೋಗಬಹುದು, ನಾನು ತಡೆಯುವುದಿಲ್ಲ. ನಮ್ಮಿಬ್ಬರಿಗೂ ದಿನಕ್ಕೊಂದು ಜಗಳ ಆಗಲೇಬೇಕು. ಆಗದ ದಿನ ನನ್ನ ಮಗ ಒಳಗೆ ಬಂದು, "ಯಾಕೆ, ಇಬ್ಬರಿಗೂ ಮೈ ಹುಷಾರಿಲ್ವಾ?" ಎಂದು ನಮ್ಮ ಹಣೆ ಮುಟ್ಟಿ ನೋಡುತ್ತಾನೆ. ಅವನು ಗಡಿಯಾರ ರಿಪೇರಿ ಮಾಡುವವನು, ಸದ್ದು ನಿಂತರೆ ಅವನಿಗೆ ಗಾಬರಿ. ಇಷ್ಟು ವರ್ಷ ಜಗಳವಾಡಿದ ಮೇಲೂ ಹೇಳುತ್ತೇನೆ, ಅವಳಂಥ ಹಠಮಾರಿಯನ್ನು ನಾನು ಕಂಡಿಲ್ಲ. ಇದು ಹೊಗಳಿಕೆ.

ಅವರಿಬ್ಬರಿಗೂ ಒಬ್ಬಳೇ ಮಗಳು. ನನ್ನ ಮೊಮ್ಮಗಳು. ಚಿಕ್ಕಂದಿನಲ್ಲಿ ತಟ್ಟೆಯ ಮುಂದೆ ಕೂತರೆ ಎರಡು ಕಾಳು ಹೆಕ್ಕಿ ಎದ್ದು ಓಡುತ್ತಿದ್ದಳೆಂದು ನಾನೇ ಅವಳಿಗೆ ಗುಬ್ಬಿ ಎಂದು ಹೆಸರಿಟ್ಟೆ. ಮುಂದೆ ಅವಳು ನಿಜವಾಗಿಯೂ ಹಾರುತ್ತಾಳೆಂದು ಯಾರಿಗೆ ಗೊತ್ತಿತ್ತು. ಬೆಟ್ಟದ ಅಂಚಿನಲ್ಲಿ ಬಟ್ಟೆಯ ದೊಡ್ಡ ರೆಕ್ಕೆಯನ್ನು ಹಗ್ಗಗಳಿಂದ ಮೈಗೆ ಕಟ್ಟಿಕೊಂಡು, ಇಳಿಜಾರಿನಲ್ಲಿ ಓಡಿ, ಗಾಳಿಗೆ ಬೀಳುವ ಆಟ ಅದು, ಪ್ಯಾರಾಗ್ಲೈಡಿಂಗ್ ಎನ್ನುತ್ತಾರೆ. ನಮ್ಮೂರಿನಿಂದ ಬಸ್ಸಿನಲ್ಲಿ ಎರಡು ಗಂಟೆ ಹೋದರೆ ಅದನ್ನು ಕಲಿಸುವ ಶಾಲೆಯಿದೆ. ಅಲ್ಲೇ ಕಲಿತು, ಅಲ್ಲೇ ಕೆಲಸಕ್ಕೂ ಸೇರಿ, ವಾರವೆಲ್ಲ ಬೆಟ್ಟದ ಬುಡದಲ್ಲಿದ್ದು ಶನಿವಾರ ಮಧ್ಯಾಹ್ನದ ಬಸ್ಸಿಗೆ ಮನೆಗೆ ಬರುತ್ತಿದ್ದಳು. ಒಮ್ಮೆ ರೆಕ್ಕೆಯೊಂದನ್ನು ಹೊತ್ತು ತಂದು ನನ್ನ ಮುಂದೆ ಹರಡಿದಾಗ ಹೊಲಿಗೆ ಹೊಲಿಗೆಯನ್ನೂ ಜಗ್ಗಿ ನೋಡಿದ್ದೆ. ಹೊಲಿಗೆ ಚೆನ್ನಾಗಿತ್ತು. ಆ ದಿನದಿಂದ ನನಗೆ ನಿದ್ದೆ ಬಂತು. ಅವಳ ಅಮ್ಮನಿಗೆ ಬರಲಿಲ್ಲ.

ಒಂದು ಶನಿವಾರ ಊಟಕ್ಕೆ ಕೂತಾಗ ಗುಬ್ಬಿ ಹೇಳಿದಳು: "ಇನ್ನು ಮುಂದೆ ನಾನು ಜನರನ್ನ ಮುಂದೆ ಕೂರಿಸಿಕೊಂಡು ಹಾರಬಹುದು. ಪರೀಕ್ಷೆ ಎಲ್ಲ ಮುಗೀತು. ಮಳೆಗಾಲ, ಚಳಿಗಾಲ ಕಳೆದು ಗಾಳಿ ಸರಿ ಹೋದ್ಮೇಲೆ ಗುರುಗಳ ಕಣ್ಣ ಮುಂದೆ ಒಬ್ಬರನ್ನ ಕರ್ಕೊಂಡು ಹೋಗಿ ಬಂದ್ರೆ ಆಯ್ತು. ಆಮೇಲೆ ಬಂದವರನ್ನೆಲ್ಲ ಕೂರಿಸ್ಕೊಳ್ಳೋದೇ."

ನನ್ನ ಮಗ ಅವಳ ಬೆನ್ನು ತಟ್ಟಿದ. ನಾನು ಇನ್ನೊಂದು ಚಮಚ ಬಡಿಸಿದೆ. ಸೊಸೆ ಮಾತ್ರ ತುತ್ತು ಕೈಯಲ್ಲೇ ಹಿಡಿದು ಕೂತಿದ್ದಳು.

"ಮೊದಲು ಯಾರನ್ನ ಕೂರಿಸ್ತೀಯ?" ಎಂದಳು.

"ಯಾರು ಬರ್ತಾರೋ ಅವರನ್ನ."

"ಅವರಿಗೂ ಅಮ್ಮ ಅಂತ ಒಬ್ಬಳು ಇರ್ತಾಳಲ್ವಾ. ಬೇರೆಯವರ ಮಕ್ಕಳನ್ನ ಕೂರಿಸೋಕೆ ಮುಂಚೆ ನನ್ನನ್ನ ಕೂರಿಸು. ಮೊದಲು ನಾನು ನೋಡ್ಬೇಕು."

ನನಗೆ ನಗು ತಡೆಯಲಾಗಲಿಲ್ಲ. ಸ್ಟೂಲಿನ ಮೇಲೆ ಹತ್ತಿ ಅಟ್ಟದ ಪಾತ್ರೆ ತೆಗೆಯುವಾಗಲೂ ಕಣ್ಣು ಮುಚ್ಚಿಕೊಳ್ಳುವ ಹೆಂಗಸು ಇವಳು. ಪಾತ್ರೆ ಕೈಗೆ ಸಿಗುವವರೆಗೆ ಕೆಳಗಿನಿಂದ ನಾನು ಎಡಕ್ಕೆ, ಬಲಕ್ಕೆ ಎಂದು ದಾರಿ ಹೇಳಬೇಕು. ಆದರೆ ಅವಳ ಮುಖ ನೋಡಿ ನಗು ನಿಲ್ಲಿಸಿದೆ. ಆ ಮುಖ ನನಗೆ ಗೊತ್ತು. ಅದು ಮಾತು ಕೊಟ್ಟ ಮುಖ, ಇನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ.

ಗುಬ್ಬಿಯ ಮುಖ ಅರಳಿತು, ಮರುಕ್ಷಣವೇ ಬಾಡಿತು. ತಟ್ಟೆ ನೋಡುತ್ತ ಮೆಲ್ಲಗೆ, "ಅಮ್ಮ, ಒಂದು ಕಷ್ಟ ಇದೆ," ಎಂದಳು. ಶಾಲೆಯಲ್ಲಿ ಇಬ್ಬರು ಹಾರುವ ರೆಕ್ಕೆ ಇರುವುದು ಒಂದೇ, ಅದೂ ಸಣ್ಣದು. ಹಾರುವವರ ತೂಕ, ಇಬ್ಬರದೂ ಸೇರಿ, ಒಟ್ಟು ನೂರ ನಲವತ್ತು ಕೆ.ಜಿ. ದಾಟಬಾರದು. ದಾಟಿದರೆ ಗುರುಗಳು ಅವರ ಅಪ್ಪನೇ ಬಂದರೂ ಬಿಡುವುದಿಲ್ಲ.

ನನ್ನ ಮಗ ಗಡಿಯಾರದ ಕನ್ನಡಕ ಹಣೆಗೇರಿಸಿ ಬೆರಳಲ್ಲಿ ಮೇಜಿನ ಮೇಲೆ ಲೆಕ್ಕ ಹಾಕಿದ. ಗುಬ್ಬಿ ಐವತ್ತೆಂಟು. ನೂರ ನಲವತ್ತರಲ್ಲಿ ಐವತ್ತೆಂಟು ಕಳೆದರೆ ಎಂಬತ್ತೆರಡು. "ನೀನು ಎಂಬತ್ತೆರಡು ಆದ್ರೆ ಸಾಕು ಕಣೇ," ಎಂದ. ಏನೋ ಕಿಟಕಿ ಮುಚ್ಚಿದರೆ ಸಾಕು ಅನ್ನುವ ಹಾಗೆ. ಸೊಸೆ ಆಗ ತೊಂಬತ್ತೇಳು.

ಎಂಬತ್ತೆರಡು ಎನ್ನುವುದು ಅಂದಿನಿಂದ ನಮ್ಮ ಮನೆಯ ಮಂತ್ರವಾಯಿತು. ಕನ್ನಡಿಯ ಮೇಲೆ ಬರೆದಿಟ್ಟಳು. ಫೋನಿನಲ್ಲಿ ಏನೋ ಹಾಕಿಸಿಕೊಂಡಳು. ತಿಂದದ್ದನ್ನೆಲ್ಲ ಅದಕ್ಕೆ ಹೇಳಬೇಕು, ಅದು ಇಷ್ಟು ಕ್ಯಾಲೊರಿ ಆಯಿತು, ಇಷ್ಟು ಉಳಿಯಿತು ಎಂದು ಹೇಳುತ್ತದೆ. ಅತ್ತೆ ಕೇಳಿದರೆ ಉತ್ತರ ಕೊಡದವಳು ಫೋನಿಗೆ ಕೂತು ಕೂತು ಲೆಕ್ಕ ಒಪ್ಪಿಸುತ್ತಿದ್ದಳು.

"ಇದ್ಯಾವುದೋ ಕೇಳೋರಿ ಅಂತೆ," ಎಂದು ನಾನು ಮಗನ ಹತ್ತಿರ ಮೂಗು ಮುರಿದೆ.

"ಕೇಳೋರಿ ಅಲ್ಲಮ್ಮ, ಕ್ಯಾಲೊರಿ."

"ಅದೇ ಹೇಳ್ತಿರೋದು. ಈ ಮನೇಲಿ ನನ್ನ ಮಾತು ಕೇಳೋರಿಲ್ಲ."

ಮೊದಲ ತಿಂಗಳು ನೋಡಬೇಕಿತ್ತು. ಸೋಮವಾರದಿಂದ ಶುಕ್ರವಾರದವರೆಗೆ ಬೇಯಿಸಿದ ಸೊಪ್ಪು, ಬೇಯಿಸಿದ ಮೊಟ್ಟೆ, ಬೇಯಿಸಿದ ಮುಖ. ಬೇಕರಿಯಲ್ಲಿ ಕಿರುಬೆರಳಿಗೆ ಬಟ್ಟೆ ಸುತ್ತಿಕೊಂಡು ಕೆಲಸ ಮಾಡಿದಳು, ಅಪ್ಪಿತಪ್ಪಿ ಬಾಯಿಗೆ ಹೋಗದಿರಲಿ ಎಂದು. ಕ್ರೀಮಿನ ಹದ ನೋಡುವುದಕ್ಕೆ ಒಲೆಯ ಹತ್ತಿರದ ರೊಟ್ಟಿಯವನನ್ನು ಕರೆಯುತ್ತಿದ್ದಳಂತೆ, ಅವನಿಗೆ ಹಬ್ಬ. ಮನೆಗೆ ಬಂದರೆ ಯಾರ ಮೇಲೆ ಹರಿಹಾಯಲಿ ಎಂದು ಕಾಯುತ್ತಿದ್ದಳು. ನಾನು ಬಿಸ್ಕತ್ತು ಮುರಿದ ಸದ್ದು ಕೇಳಿದರೂ ಸಾಕು, ಆಚೆ ಕೋಣೆಯಿಂದ "ಯಾರದು?" ಎನ್ನುತ್ತಿದ್ದಳು. ನನ್ನ ಮನೆಯಲ್ಲಿ ನಾನು ಬಿಸ್ಕತ್ತನ್ನು ಚಹಾದಲ್ಲಿ ನೆನೆಸಿ ಸದ್ದಿಲ್ಲದೆ ತಿನ್ನುವ ಗತಿ ಬಂತು.

ಶನಿವಾರ ಸಂಜೆಯಾದರೆ ಕಟ್ಟೆ ಒಡೆಯುತ್ತಿತ್ತು. ಐದು ದಿನ ಬಾಯಿಗೆ ಬೀಗ ಹಾಕಿದ್ದೇನೆ, ಇನ್ನು ನನ್ನನ್ನು ಕೇಳುವವರಾರು ಎಂದು ಕೂತರೆ ಭಾನುವಾರ ಸಂಜೆಯೇ ಏಳುತ್ತಿದ್ದದ್ದು. ಹುರಿದದ್ದು, ಕರಿದದ್ದು, ಬೆಣ್ಣೆ ಬಳಿದದ್ದು, ಬೇಕರಿಯಿಂದ ತಂದ ಇಡೀ ಕೇಕು. ಸೋಮವಾರ ಬೆಳಿಗ್ಗೆ ತೂಕದ ಯಂತ್ರದ ಮೇಲೆ ನಿಂತರೆ ಹೋದ ಸೋಮವಾರದ ಅಂಕಿಯೇ ಹಲ್ಲು ಕಿರಿದು ಎದುರಿಗೆ ನಿಂತಿರುತ್ತಿತ್ತು. ನಾಲ್ಕನೆಯ ಸೋಮವಾರ ಅವಳು ಯಂತ್ರವನ್ನು ಮಂಚದ ಕೆಳಗೆ ಒದ್ದು, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ನಲ್ಲಿಯ ಸದ್ದಿಗೆ ಅಳು ಕೇಳಿಸುವುದಿಲ್ಲ ಎಂದು ಅವಳ ಲೆಕ್ಕ. ನನಗೆ ಕೇಳಿಸಿತು. ಸಂಕಟವಾಯಿತು. ಬಾಗಿಲು ತಟ್ಟಿ, "ನೀರು ಸುಮ್ನೆ ಹೋಗ್ತಿದೆ," ಎಂದು ಗದರಿದೆ. ನನಗೆ ಸಮಾಧಾನ ಮಾಡಲು ಬರುವುದು ಅಷ್ಟೇ.

ಆ ದಿನ ಅವಳು ಕೆಲಸದಿಂದ ಬಂದಾಗ ಮುಖ ಬೇರೆಯಾಗಿತ್ತು. ಚಪ್ಪಲಿಯನ್ನೂ ಬಿಡದೆ ನನ್ನ ಹೊಲಿಗೆ ಯಂತ್ರದ ಪಕ್ಕ ಬಂದು ನಿಂತಳು.

"ಅತ್ತೆ, ಒಂದು ಕೇಕಿಗೆ ನಮಗೆ ಎಷ್ಟು ಕ್ರೀಮು ಕೊಡ್ತಾರೆ ಗೊತ್ತಾ?"

"ನಂಗ್ಯಾಕೆ ಗೊತ್ತಿರುತ್ತೆ?"

"ಒಂದು ಚೀಲ. ಒಂದೇ ಚೀಲ. ಅಂಚಿಗೆ ದಪ್ಪಗೆ ಎಳೆದುಬಿಟ್ರೆ ಗುಲಾಬಿಗೆ ಉಳಿಯಲ್ಲ. ತೆಳ್ಳಗೆ ಎಳೆದ್ರೆ ಮೇಲೆ ಎರಡು ಗುಲಾಬಿ ಧಾರಾಳವಾಗಿ ಬರುತ್ತೆ. ಆದ್ರೆ ಅಂಚಿಗೆ ತೆಳ್ಳಗೆ ಎಳೆದೆ ಅಂತ ಗುಲಾಬಿಗೆ ಇನ್ನೊಂದು ಚೀಲ ತುಂಬಿಕೊಂಡು ಬಂದ್ರೆ ಮಾಲೀಕ ಸುಮ್ನಿರ್ತಾನಾ? ನಾನು ಇಷ್ಟು ದಿನ ಅದೇ ಮಾಡ್ತಿದ್ದೆ. ಐದು ದಿನ ಅಂಚು, ಎರಡು ದಿನ ಗುಲಾಬಿ, ಆದ್ರೆ ಚೀಲ ಒಂದೇ."

ನನಗೆ ಆ ಮಾತು ಥಟ್ಟನೆ ಹಿಡಿಸಿತು. ಬಟ್ಟೆಯೂ ಹಾಗೆಯೇ, ತೋಳಿಗೆ ಹೆಚ್ಚು ಕತ್ತರಿಸಿದರೆ ಬೆನ್ನಿಗೆ ಸಾಲದು. ಆದರೆ ಸೊಸೆಯ ಮಾತು ಹಿಡಿಸಿತೆಂದು ಬಾಯಿಬಿಟ್ಟು ಹೇಳುವುದು ನನ್ನ ಜಾಯಮಾನವಲ್ಲ. "ಚಪ್ಪಲಿ ಬಿಡು ಮೊದಲು," ಎಂದೆ.

ಅಲ್ಲಿಂದ ಮನೆಗೆ ಜೀವ ಬಂತು. ಫೋನಿಗೆ ದಿನದ ಲೆಕ್ಕದ ಬದಲು ವಾರದ ಲೆಕ್ಕ ಹೇಳತೊಡಗಿದಳು. ವಾರದ ದಿನಗಳಲ್ಲಿ ಹೊಟ್ಟೆಗೆ ಮೋಸವಿಲ್ಲದಷ್ಟು, ನಾಲಿಗೆಗೆ ಸಂಭ್ರಮವಿಲ್ಲದಷ್ಟು. ದಿನಾ ಅಷ್ಟಷ್ಟು ಉಳಿಸಿ ಅದನ್ನು ಶನಿವಾರ ಭಾನುವಾರಕ್ಕೆ ಸೇರಿಸುವುದು. ಮಂಗಳವಾರದಿಂದಲೇ ಶುರು: ಈ ಶನಿವಾರ ಏನು? ಚಾಕೊಲೇಟ್ ಕೇಕೋ, ಕರಿದ ಆಲೂಗಡ್ಡೆಯೋ, ಬೆಣ್ಣೆ ಬನ್ನೋ? ಬುಧವಾರ ಒಂದು ಪಕ್ಷ, ಗುರುವಾರ ಇನ್ನೊಂದು ಪಕ್ಷ. ಯಾವತ್ತೂ ಊಟದ ವಿಷಯಕ್ಕೆ ತುಟಿ ಬಿಚ್ಚದ ನನ್ನ ಮಗ ಕೂಡ ಅಂಗಡಿಯಿಂದ ಫೋನು ಮಾಡಿ, "ಬನ್ನಿಗೆ ನನ್ನ ಓಟು," ಎನ್ನುತ್ತಿದ್ದ. ತಿನ್ನುವುದಕ್ಕಿಂತ ಆ ಚರ್ಚೆಯಲ್ಲೇ ಹೆಚ್ಚು ರುಚಿ ಇತ್ತೋ ಏನೋ.

ಶನಿವಾರ ಸಂಜೆ ಅವಳು ಮುಖ ತೊಳೆದು, ಒಳ್ಳೆಯ ತಟ್ಟೆ ತೆಗೆದು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಒಂದು ತುಂಡು ಕೇಕನ್ನು ಅರ್ಧ ಗಂಟೆ ತಿನ್ನುತ್ತಿದ್ದಳು. ಮೊದಲೆಲ್ಲ ನಿಂತುಕೊಂಡು ಇಡೀ ಕೇಕು ಮುಗಿಸಿದವಳು. ಒಂದು ಸಲ ನನಗೇ ಹೇಳಿದಳು, "ಅತ್ತೆ, ಇಪ್ಪತ್ತು ವರ್ಷದಿಂದ ಇದರ ಮೇಲೆ ಹೂ ಬಿಡಿಸ್ತಿದೀನಿ, ಇದು ಇಷ್ಟು ಚೆನ್ನಾಗಿರುತ್ತೆ ಅಂತ ಈಗ ಗೊತ್ತಾಗಿದ್ದು." ಕಣ್ಣು ಮುಚ್ಚಿ ಅವಳು ಚಮಚ ನೆಕ್ಕುವುದನ್ನು ನೋಡಿದರೆ ನನ್ನ ಬಾಯಲ್ಲೂ ನೀರೂರುತ್ತಿತ್ತು. ಸಿಟ್ಟೂ ಬರುತ್ತಿತ್ತು, ಅಷ್ಟು ಸುಖ ನನಗೆ ಯಾವ ಕೇಕೂ ಕೊಟ್ಟಿರಲಿಲ್ಲ.

ಒಂದು ತುಂಡು ಅವಳಿಗಾದರೆ ಮಿಕ್ಕದ್ದು? ಮಿಕ್ಕದ್ದು ಗುಬ್ಬಿಗೆ. ಶನಿವಾರ ಮಧ್ಯಾಹ್ನ ಬಸ್ಸಿಳಿದು ಬಂದ ಮಗಳನ್ನು ಸೊಸೆ ಎದುರಿಗೆ ಕೂರಿಸಿಕೊಂಡು, "ಬೆಟ್ಟದಲ್ಲಿ ಏನು ತಿಂತೀಯೋ ಏನೋ, ಮೂಳೆ ಕಾಣ್ತಿದೆ," ಎಂದು ಬಡಿಸುತ್ತಿದ್ದಳು. ತಾನು ತಿನ್ನಲಾಗದ್ದನ್ನು ಮಗಳು ತಿನ್ನುವುದನ್ನು ನೋಡುವುದೇ ಅವಳಿಗೆ ಎರಡನೆಯ ಊಟ. ಗುಬ್ಬಿ ಬೇಡವೆಂದರೆ, "ನಾನಂತೂ ತಿನ್ನೋ ಹಾಗಿಲ್ಲ, ನೀನಾದ್ರೂ ತಿನ್ನು," ಎನ್ನುವಳು. ಆ ಮಾತಿಗೆ ಎದುರಾಡುವ ಮಕ್ಕಳು ಎಲ್ಲಾದರೂ ಇದ್ದಾರೆಯೇ? ಭಾನುವಾರ ಸಂಜೆ ಹೊರಡುವಾಗ ಡಬ್ಬಿಗಳ ಮೇಲೆ ಡಬ್ಬಿ: ಬೆಣ್ಣೆ ಬಿಸ್ಕತ್ತು, ಕೇಕಿನ ಕತ್ತರಿಸಿದ ಅಂಚು, ಸಕ್ಕರೆ ಬನ್ನು. ವಾರದ ದಿನಗಳಲ್ಲಿ ಸೊಸೆ ಬಿಟ್ಟದ್ದೆಲ್ಲ ಬಸ್ಸು ಹತ್ತಿ ಬೆಟ್ಟಕ್ಕೆ ಹೋಗುತ್ತಿತ್ತು.

ಸೊಸೆಯ ತೂಕ ಇಳಿಯಿತು. ನಾನು ಶನಿವಾರ ಅವಳ ಪ್ಯಾಂಟಿನ ಸೊಂಟ ಹಿಡಿದು ಹೊಲಿಯುತ್ತಿದ್ದೆ. ಭಾನುವಾರ ಗುಬ್ಬಿ ತನ್ನ ಪ್ಯಾಂಟು ತಂದು, "ಅಜ್ಜಿ, ಒಗೆದು ಒಗೆದು ಕುಗ್ಗಿಹೋಗಿದೆ, ಸ್ವಲ್ಪ ಬಿಡಿಸಿ ಕೊಡು," ಎನ್ನುತ್ತಿದ್ದಳು. ಒಗೆದರೆ ಬಟ್ಟೆ ಕುಗ್ಗುತ್ತದೆ. ಯಾವ ದರ್ಜಿಯನ್ನು ಬೇಕಾದರೂ ಕೇಳಿ. ನಾನು ಬಿಡಿಸಿ ಕೊಟ್ಟೆ. ಹೀಗೆ ಒಂದು ದಿನ ಹೊಲಿಯುತ್ತ, ಮರುದಿನ ಬಿಚ್ಚುತ್ತ ಮಳೆಗಾಲ ಹೋಗಿ ಚಳಿಗಾಲವೂ ಕಳೆಯಿತು. ಮನೆಯಲ್ಲಿ ನಾಲ್ಕು ಜನ ಇದ್ದೆವು, ಒಬ್ಬರ ತಲೆಗಾದರೂ ಹೊಳೆಯಬೇಡವೇ.

ಕೊನೆಗೆ ಆ ದಿನ ಬಂತು. ಬೆಳಗಿನ ಬಸ್ಸು ತಪ್ಪೀತೆಂದು ನಿಲ್ದಾಣದವರೆಗೆ ನಾವೆಲ್ಲ ಓಡಿದೆವು, ಎಲ್ಲರಿಗಿಂತ ಮುಂದೆ ನಾನು. ಬೆಟ್ಟದ ಬುಡದಲ್ಲಿ ಒಂದು ಹುಲ್ಲುಗಾವಲು, ಅದರ ತುದಿಯಲ್ಲಿ ತಗಡಿನ ಶೆಡ್ಡು, ಒಳಗೆ ಗೋಡೆಗೆ ನೇತುಹಾಕಿದ ಹೆಲ್ಮೆಟ್ಟುಗಳು, ನೆಲದಲ್ಲಿ ತೂಕದ ಯಂತ್ರ. ಹಾರುವವರನ್ನು ಇಲ್ಲಿ ತೂಗಿ ಜೀಪಿನಲ್ಲಿ ಮೇಲಕ್ಕೆ ಕರೆದೊಯ್ಯುತ್ತಾರೆ. ಗುಬ್ಬಿಯ ಗುರುಗಳು ಬಿಸಿಲಿಗೆ ಮೂಗು ಸುಲಿದ, ಮಾತು ಕಡಿಮೆಯ ಮನುಷ್ಯ. ಸೊಸೆಗೆ ಹೆಲ್ಮೆಟ್ ಹಾಕಿಸಿ ನೋಡಿದರು, ತೆಗೆಸಿದರು, ಯಂತ್ರದ ಕಡೆ ಕೈ ತೋರಿಸಿದರು.

ಎಂಬತ್ತೊಂದೂವರೆ.

ನನ್ನ ಮಗ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದ. ಗಡಿಯಾರದವನಿಗೆ ಶಿಳ್ಳೆ ಬರುತ್ತದೆಂದು ಹೆತ್ತ ನನಗೇ ಗೊತ್ತಿರಲಿಲ್ಲ. ಸೊಸೆ ಯಂತ್ರದಿಂದ ಇಳಿದು ನನ್ನನ್ನು ತಬ್ಬಿಕೊಂಡಳು. ನಮ್ಮಲ್ಲಿ ಅದೆಲ್ಲ ಅಭ್ಯಾಸವಿಲ್ಲ, ಆದರೂ ಬಿಡಿಸಿಕೊಳ್ಳಲಿಲ್ಲ.

"ಈಗ ನೀನು," ಎಂದು ಗುರುಗಳು ಗುಬ್ಬಿಗೆ ಹೇಳಿದರು.

ಗುಬ್ಬಿ ನಗುತ್ತ ಹತ್ತಿದಳು. ಅಂಕಿ ಐವತ್ತೆಂಟರಲ್ಲಿ ನಿಲ್ಲಲಿಲ್ಲ. ಅರವತ್ತರಲ್ಲೂ ನಿಲ್ಲಲಿಲ್ಲ. ಅರವತ್ತನಾಲ್ಕಕ್ಕೆ ಹೋಗಿ ನಿಂತಿತು. ಅವಳು ಇಳಿದು ಇನ್ನೊಮ್ಮೆ ಹತ್ತಿದಳು. ಬೂಟು ಬಿಚ್ಚಿ ಹತ್ತಿದಳು. ಯಂತ್ರ ಕೆಟ್ಟಿರಬೇಕೆಂದು ನನ್ನ ಮಗ ಅದರ ಬಗ್ಗೆ ಏನೋ ಹೇಳಲು ಹೋದ. ಗುರುಗಳು ಮೂಲೆಯಲ್ಲಿದ್ದ ಮರಳಿನ ಚೀಲ ತಂದು ಅದರ ಮೇಲಿಟ್ಟರು. ಚೀಲದ ಮೇಲೆ ಬರೆದದ್ದೂ ಯಂತ್ರ ತೋರಿಸಿದ್ದೂ ಒಂದೇ.

"ಒಟ್ಟು ನೂರ ನಲವತ್ತೈದೂವರೆ," ಎಂದರು. "ಇವತ್ತು ಆಗಲ್ಲ."

ಒಟ್ಟು. ಗುಬ್ಬಿ ಮೊದಲ ದಿನವೇ ಆ ಪದ ಹೇಳಿದ್ದಳು. ಐವತ್ತೆಂಟನ್ನು ಒಮ್ಮೆ ಕಳೆದುಬಿಟ್ಟ ಮೇಲೆ ನಾವು ಅತ್ತ ತಿರುಗಿಯೂ ನೋಡಿರಲಿಲ್ಲ. ನಾನು ಮೊಮ್ಮಗಳ ಸೊಂಟದ ಕಡೆ ನೋಡಿದೆ. ನಾನೇ ಬಿಡಿಸಿ ಕೊಟ್ಟ ಪ್ಯಾಂಟು, ಅದೂ ಬಿಗಿಯಾಗಿತ್ತು.

"ಅಮ್ಮ," ಎಂದಳು ಗುಬ್ಬಿ, ಕಣ್ಣು ತುಂಬಿಕೊಂಡು. "ನಿನ್ನ ಡಬ್ಬಿಗಳು."

ಸೊಸೆ ಹೊರಗೆ ಹೋಗಿ ಹುಲ್ಲಿನ ಮೇಲೆ ಕೂತಳು. ಅವಳ ಭುಜ ಅಲುಗುತ್ತಿದ್ದುದನ್ನು ಕಂಡು ಅಳುತ್ತಿದ್ದಾಳೆಂದು ಓಡಿ ಹೋದೆ. ಅವಳು ನಗುತ್ತಿದ್ದಳು, ಅಳುತ್ತಲೂ ಇದ್ದಳು. "ಅತ್ತೆ, ನಾನು ಇಳಿಸಿದ್ದನ್ನ ನಾನೇ ಡಬ್ಬಿಗೆ ಹಾಕಿ ಅವಳಿಗೆ ಕಳಿಸಿದೀನಿ. ಬಸ್ ಚಾರ್ಜ್ ಬೇರೆ ಕೊಟ್ಟು," ಎಂದಳು. ನನಗೂ ನಗು ಬಂತು. ಇಬ್ಬರೂ ಹುಲ್ಲಿನ ಮೇಲೆ ಕೂತು ಹುಚ್ಚರಂತೆ ನಕ್ಕೆವು. ನಗು ನಿಂತ ಮೇಲೆ ಅವಳು ತಲೆಯೆತ್ತಿ ಬೆಟ್ಟದ ತುದಿಯನ್ನು ನೋಡಿದಳು.

ಗುರುಗಳು ಬಾಗಿಲಿಗೆ ಬಂದು ನಿಂತಿದ್ದರು. ಇವತ್ತು ಗುಬ್ಬಿ ಯಾರನ್ನಾದರೂ ಕರೆದುಕೊಂಡು ಹೋಗಿ ಬಂದರೆ ಇವತ್ತಿನಿಂದಲೇ ಜನರನ್ನು ಕೂರಿಸಬಹುದು, ಇಲ್ಲವಾದರೆ ಆ ಜಾಗ ಇನ್ನೊಬ್ಬನಿಗೆ ಹೋಗುತ್ತದೆ, ಅವಳು ಈ ಋತುವಿನ ಕೊನೆಯವರೆಗೆ ಕಾಯಬೇಕು ಎಂದರು. ಆಮೇಲೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಅಜ್ಜಿ ಎಷ್ಟಿದಾರೆ?" ಎಂದು ಕೇಳಿದರು.

ಅಜ್ಜಿ ನಲವತ್ತೈದು. ನಾಲ್ಕು ಜೊತೆ ಕಣ್ಣು ನನ್ನ ಮೇಲೆ ಬಿದ್ದವು. ಸೊಸೆ ಎದ್ದು ಒಳಗೆ ಹೋಗಿ ಹೆಲ್ಮೆಟ್ ತಂದು ನನ್ನ ತಲೆಗಿಟ್ಟು, ಗಲ್ಲದ ಕೆಳಗೆ ಪಟ್ಟಿ ಕಟ್ಟಲು ಶುರು ಮಾಡಿದಳು. "ನೀವು ಹೋಗಿ ಬನ್ನಿ ಅತ್ತೆ. ಮಗೂ ಕೆಲಸ ನಿಲ್ಲೋದು ಬೇಡ," ಎಂದಳು. ಪಟ್ಟಿ ಮಾತ್ರ ಕೂರಲಿಲ್ಲ.

ನನಗೆ ಆಸೆಯಾಗಲಿಲ್ಲ ಎಂದರೆ ಬಾಯಿಗೆ ಹುಳ ಬಿದ್ದೀತು. ಜೀವಮಾನವೆಲ್ಲ ತಲೆ ಬಗ್ಗಿಸಿ ಸೂಜಿ ನೋಡಿದವಳು ನಾನು, ಒಮ್ಮೆ ಮೇಲಿನಿಂದ ನೋಡುವ ಆಸೆ ಯಾರಿಗಿರುವುದಿಲ್ಲ. ಆದರೆ ಎಂಟು ತಿಂಗಳು ಬೇಯಿಸಿದ ಸೊಪ್ಪು ತಿಂದವಳು ನಾನಲ್ಲ. ಹೆಲ್ಮೆಟ್ ತೆಗೆದು ಅವಳ ಕೈಗಿಟ್ಟೆ.

"ನನ್ನ ಕೈಲಾಗಲ್ಲಪ್ಪ. ಮೊಣಕಾಲು ನೋವು. ಓಡೋಕಾಗಲ್ಲ," ಎಂದೆ.

ಬೆಳಿಗ್ಗೆ ನಾನು ಓಡಿದ್ದನ್ನು ಸೊಸೆ ಹಿಂದಿನಿಂದ ನೋಡಿದ್ದಳು. ಹೆಲ್ಮೆಟ್ ಒಯ್ದು ಗೋಡೆಗೆ ನೇತುಹಾಕಿದಳು. ಗುಬ್ಬಿ ಗುರುಗಳ ಕಡೆ ತಿರುಗಿ, "ನಾನು ಕಾಯ್ತೀನಿ," ಎಂದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಅಮ್ಮ ಮಗಳು ಒಂದೇ ಸೀಟಿನಲ್ಲಿ ಕೂತು ಕೋಳಿ ಜಗಳ ಆಡಿದರು. ಶನಿವಾರದ ತಿಂಡಿಯನ್ನೇ ಬಂದ್ ಮಾಡೋಣ ಎಂದು ಗುಬ್ಬಿ. ಸಾಧ್ಯವೇ ಇಲ್ಲ ಎಂದು ಅಮ್ಮ: "ಶನಿವಾರ ಬಿಟ್ರೆ ಬುಧವಾರ ಕದ್ದು ತಿಂತೀವಿ. ನನ್ನನ್ನ ಕೇಳು, ನಾನು ತಿಂದು ನೋಡಿದೀನಿ. ಗುಲಾಬಿ ಇರ್ಬೇಕು. ಆದ್ರೆ ಇನ್ಮೇಲೆ ಕೇಕೂ ಒಂದೇ, ಚೀಲಾನೂ ಒಂದೇ, ಇಬ್ಬರಿಗೂ ಸೇರಿ."

ಅಂದಿನಿಂದ ಶನಿವಾರಕ್ಕೆ ಒಂದು ತುಂಡು, ಎರಡು ಚಮಚ. ಸರಿಯಾಗಿ ಅರ್ಧ ಮಾಡುವ ಜವಾಬ್ದಾರಿ ನನ್ನದು, ಅಳತೆ ಟೇಪು ಹಿಡಿದು ಕೂರುತ್ತಿದ್ದೆ. ಗುಲಾಬಿ ಯಾರ ಅರ್ಧಕ್ಕೆ ಬರಬೇಕು ಎಂದು ಚೀಟಿ ಎತ್ತುತ್ತಿದ್ದರು, ಸೋತವಳು ಮುಖ ಊದಿಸುತ್ತಿದ್ದಳು, ಗೆದ್ದವಳು ಕೊನೆಗೆ ಅದರಲ್ಲೂ ಅರ್ಧ ಕೊಡುತ್ತಿದ್ದಳು. ಡಬ್ಬಿಗಳು ಈಗಲೂ ಬೆಟ್ಟಕ್ಕೆ ಹೋಗುತ್ತಿದ್ದವು, ಒಳಗೆ ಬೇಯಿಸಿದ ತರಕಾರಿ. ವಾರದ ದಿನ ಸಂಜೆ ಫೋನಿನಲ್ಲಿ, "ಏನು ತಿಂದೆ?" "ನೀನೇನು ತಿಂದೆ?" ಎಂದು ಒಬ್ಬರನ್ನೊಬ್ಬರು ವಿಚಾರಣೆ ಮಾಡುತ್ತಿದ್ದರು. ಮಿಕ್ಕ ಕೇಕು ನನಗೂ ನನ್ನ ಮಗನಿಗೂ. ಅವನ ಹೊಟ್ಟೆ ಸ್ವಲ್ಪ ಮುಂದೆ ಬಂತು. ಅವನ ತೂಕ ಯಾರ ಲೆಕ್ಕಕ್ಕೂ ಸೇರುವುದಿಲ್ಲವಾದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಋತುವಿನ ಕೊನೆಯಲ್ಲಿ ಮತ್ತೆ ಹೋದೆವು. ಈ ಸಲ ಯಾರೂ ಶಿಳ್ಳೆ ಹಾಕುವ ಧೈರ್ಯ ಮಾಡಲಿಲ್ಲ. ಸೊಸೆ ಓಲೆ ಬಿಚ್ಚಿ ನನ್ನ ಕೈಗಿಟ್ಟಳು, ತಲೆಗೂದಲಿನ ಪಿನ್ನು ಕೂಡ ತೆಗೆದು ಕೊಟ್ಟಳು. ಗುರುಗಳು ಇಬ್ಬರನ್ನೂ ಒಟ್ಟಿಗೇ ಹತ್ತಿಸಿದರು. ಅಮ್ಮ ಮಗಳು ಆ ಸಣ್ಣ ಹಲಗೆಯ ಮೇಲೆ ಬೀಳದ ಹಾಗೆ ಒಬ್ಬರನ್ನೊಬ್ಬರು ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದರು. ನಾನು ಅಂಕಿ ನೋಡಲಿಲ್ಲ, ಗುರುಗಳ ಮುಖ ನೋಡಿದೆ. ನೂರ ಮೂವತ್ತೊಂಬತ್ತೂವರೆ ಎಂದು ಹೇಳಿ ಆ ಮನುಷ್ಯ ಮೊದಲ ಸಲ ಹಲ್ಲು ತೋರಿಸಿದರು.

ಜೀಪು ಅವರನ್ನು ಹತ್ತಿಸಿಕೊಂಡು ಹೋಯಿತು. ನಾವಿಬ್ಬರೂ ಹುಲ್ಲುಗಾವಲಿನಲ್ಲಿ ಕತ್ತು ಎತ್ತಿ ನಿಂತೆವು. ಬೆಟ್ಟದ ನೆತ್ತಿಯ ಮೇಲೆ ಕೆಂಪು ಬಟ್ಟೆ ಉಬ್ಬಿತು. ಒಂದು ಕ್ಷಣ ಅಂಚಿನಿಂದ ಕೆಳಕ್ಕೆ ಕುಸಿದಂತೆ ಕಂಡಿತು. ಸೊಸೆಯ ಕೂಗು ಅಷ್ಟು ದೂರದಿಂದಲೂ ಕೇಳಿಸಿತು. ಅಂಥ ಗಂಟಲು ಅವಳದು, ಇಪ್ಪತ್ತೈದು ವರ್ಷ ನನ್ನ ಜೊತೆ ಜಗಳವಾಡಿ ಪಳಗಿದ್ದು. ಆಮೇಲೆ ಸದ್ದೇ ಇಲ್ಲ. ಕೆಂಪು ರೆಕ್ಕೆ ಮೆಲ್ಲಗೆ ಮೇಲೇರಿ, ತಿರುಗಿ, ನಮ್ಮ ಕಡೆ ಬಂತು. ಅದರ ಕೆಳಗಿನಿಂದ ನಗು ಬರುತ್ತಿತ್ತು. ಇಬ್ಬರದು. ನನ್ನ ಮಗ ಕನ್ನಡಕ ತೆಗೆದು ಒರೆಸಿಕೊಂಡ. ನಾನು ಒರೆಸಿಕೊಳ್ಳಲಿಲ್ಲ, ಬಿಟ್ಟೆ, ಹರಿಯಲಿ ಎಂದು.

ಅವರು ಇಳಿದದ್ದು ಅಷ್ಟೇನೂ ಚಂದವಾಗಿರಲಿಲ್ಲ. ಇಬ್ಬರೂ ಹುಲ್ಲಿನ ಮೇಲೆ ಕುಕ್ಕರಿಸಿ ಬಿದ್ದರು, ಬಟ್ಟೆ ಬಂದು ಇಬ್ಬರನ್ನೂ ಮುಚ್ಚಿತು. ಅದರೊಳಗಿನಿಂದ ಸೊಸೆ ಕೈ ಕಾಲು ಬಡಿದುಕೊಂಡು ಹೊರಗೆ ಬಂದಳು.

"ಹೇಗಿತ್ತು?" ಎಂದ ನನ್ನ ಮಗ.

ಅವಳಿಗೆ ಅವನ ಮಾತು ಕೇಳಿಸಲಿಲ್ಲ. ಅವಳು ಶೆಡ್ಡಿನ ಕಡೆ ನೋಡುತ್ತಿದ್ದಳು. ಅಲ್ಲಿ ಒಬ್ಬ ಹೆಂಗಸು ಗುರುಗಳ ಹತ್ತಿರ ಜೋರಾಗಿ ಮಾತಾಡುತ್ತಿದ್ದಳು, ಪಕ್ಕದಲ್ಲಿ ಕಾಲೇಜಿಗೆ ಹೋಗುವ ವಯಸ್ಸಿನ ಮಗಳು. ಆ ಹೆಂಗಸು ಮಗಳ ಮುಂಗೈಯನ್ನು ಬಿಗಿಯಾಗಿ ಹಿಡಿದಿದ್ದಳು. "ಈ ಹುಡುಗಿ ಜೊತೆ ಹೇಗೆ ಕಳಿಸೋದು? ನನ್ನ ಮಗಳಿಗಿಂತ ನಾಲ್ಕು ವರ್ಷ ದೊಡ್ಡವಳು ಅಷ್ಟೇ. ಅನುಭವ ಇರೋರು ಬೇರೆ ಯಾರೂ ಇಲ್ವಾ?" ಎನ್ನುತ್ತಿದ್ದಳು. ಬಟ್ಟೆ ಮಡಚುತ್ತಿದ್ದ ಗುಬ್ಬಿಯ ಕೈ ನಿಂತಿತು. ಗುರುಗಳು ಉತ್ತರ ಹೇಳಲು ಬಾಯಿ ತೆರೆದರು.

ಅಷ್ಟರಲ್ಲಿ ಸೊಸೆ ಅಲ್ಲಿಗೆ ಹೋಗಿಯಾಗಿತ್ತು. ತಲೆಯ ಮೇಲೆ ಹೆಲ್ಮೆಟ್, ಗಲ್ಲಕ್ಕೆ ಹುಲ್ಲು ಅಂಟಿತ್ತು. ಆ ಹೆಂಗಸಿನ ಎದುರು ನಿಂತು ಮೊದಲು ಉಸಿರು ತೆಗೆದುಕೊಂಡಳು.

"ನಾನು ಅವಳಮ್ಮ," ಎಂದಳು. "ಎತ್ತರ ಅಂದ್ರೆ ನಂಗೆ ಜೀವ ಹೋಗುತ್ತೆ. ಈಗ ಅವಳ ಜೊತೆ ಹೋಗಿ ಬಂದೆ. ನಿಮ್ಮ ಮಗಳನ್ನ ಕಳಿಸಿ. ಅವರು ಇಳಿಯೋವರೆಗೂ ನಾನು ನಿಮ್ಮ ಜೊತೇಲೇ ಕೂತಿರ್ತೀನಿ."

ಆ ಹೆಂಗಸು ಸೊಸೆಯ ಮುಖವನ್ನೂ ಗಲ್ಲದ ಹುಲ್ಲನ್ನೂ ನೋಡಿದಳು. ಆಮೇಲೆ ಮಗಳ ಮುಂಗೈ ಬಿಟ್ಟು ಸೊಸೆಯ ಕೈ ಹಿಡಿದುಕೊಂಡಳು.

ಗುಬ್ಬಿ ಬಂದು ಅಮ್ಮನ ಹಿಂದೆ ನಿಂತಿದ್ದಳು. ಮುಖ ಒರೆಸಿಕೊಂಡು ಕೈ ಚಾಚಿದಳು.

"ಅಮ್ಮ, ಹೆಲ್ಮೆಟ್ ಕೊಡು," ಎಂದಳು. "ಅವಳಿಗೆ ಬೇಕು."